ಹವಳವೋ, ಹವಳವಲ್ಲವೋ

ದಣಿವಾರಿಸಿಕೊಳ್ಳಲೆಂದು ಹವ್ಯಾಸ ಹಚ್ಚಿಕೊಂಡವನಿಗೆ ಆಮೇಲೆ ದಣಿವೇ ಗತಿ. ಇದು ನನ್ನ ಐವತ್ತಾರು ವರ್ಷಗಳ ಬದುಕಿನ ಸಾರ. ಐನಾಪುರದ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡ ಜೈನ ನಾನು. ರಕ್ತದೊತ್ತಡ ಏರಿದಾಗ ಡಾಕ್ಟರರು, “ದಿನಾ ಅರ್ಧಾ ತಾಸು ಮೀನಾ ನೋಡ್ಕೋತ ಕೂಡ್ರಿ ಸಾವ್ಕಾರ್ರ, ಮನಸ್ಸು ತಣ್ಣಗಾಗತೈತಿ” ಎಂದರು. ಹತ್ತಿರದ ಸತ್ತಿ ಊರಿನ ಹೊಳೆದಂಡೆಗೆ ಹೋಗಿ ಕೂತಿದ್ದರೆ ಪುಕ್ಕಟೆ ಮುಗಿಯುತ್ತಿತ್ತು. ನಾನು ನಿಪ್ಪಾಣಿಗೆ ಹೋಗಿ ಉಪ್ಪುನೀರಿನ ಗಾಜಿನ ತೊಟ್ಟಿ, ಎರಡು ಕೇಸರಿ ಮೀನು, ಸಮುದ್ರದ ಒಂದು ಕಲ್ಲು ತಂದೆ. ಮನೆಯಲ್ಲಿ ಸಮುದ್ರ ಸಾಕುವುದೆಂದರೆ ಎಮ್ಮೆ ಸಾಕಿದಂತೆ. ಬೆಳಿಗ್ಗೆ ಎದ್ದರೆ ಅದರದೇ ಚಾಕರಿ.

ಎರಡು ತಿಂಗಳಿಗೆ ಆ ಕಲ್ಲಿನ ಮೇಲೆ ಉಗುರಿನಷ್ಟು ಕಂದು ಹೂವೊಂದು ಎದ್ದಿತು. ಸುತ್ತಲೂ ಎಳೆ ಎಳೆ ಬೆರಳುಗಳು. ಮೂವತ್ತು ವರ್ಷ ಬಟ್ಟೆ ಮುಟ್ಟಿ ಮಿಲ್ಲಿನ ಹೆಸರು ಹೇಳಿದ ಕೈ ನನ್ನದು. ಇದನ್ನು ಮುಟ್ಟುವಂತಿಲ್ಲ, ಕುಟುಕಬಹುದಂತೆ. ತೊಟ್ಟಿ ಕೊಟ್ಟವನಿಗೆ ಫೋನ್ ಮಾಡಿದೆ. “ಹವಳ ಇದ್ದರ ನಿಮ್ಮ ನಶೀಬ ಛಲೋ. ಇಲ್ಲಾಂದ್ರ ಅದು ಕಳೆ ಇದ್ದಂಗ್ರಿ. ತೊಟ್ಟಿ ತುಂಬ ಹಬ್ಬಿ ಮೀನಿಗೂ ಕುಟಕತೈತಿ. ಸೂಜಿಲೆ ಲಿಂಬಿ ರಸ ಚುಚ್ಚಿ ಸಾಯಿಸಿಬಿಡ್ರಿ” ಎಂದ. ಸ್ಪೀಕರ್ ಹಚ್ಚಿದ್ದು ನನ್ನ ತಪ್ಪು. ಪಕ್ಕದಲ್ಲೇ ಜಪಮಾಲೆ ಹಿಡಿದು ಕುಳಿತಿದ್ದ ಆಯಿ, ಎಂದರೆ ನನ್ನ ತಾಯಿ, “ಯಾರನ್ನ ಸಾಯಸ್ತೀಯೋ?” ಎಂದಳು. “ಯಾರಂತ ಇನ್ನೂ ಗೊತ್ತಾಗಿಲ್ಲ ಆಯಿ” ಎಂದೆ.

ಆಮೇಲಿನ ಒಂದು ತಿಂಗಳ ಗೋಳು ಯಾರಿಗೂ ಬೇಡ. ಫೋಟೊ ತೆಗೆಯಲು ಹೋದರೆ ಅದು ಮುದುಡಿಕೊಳ್ಳುತ್ತಿತ್ತು. ಮೀನುಗಳು ಮಾತ್ರ ಮದುವೆಮನೆಯ ಬೀಗರಂತೆ ಪ್ರತಿ ಫೋಟೊಕ್ಕೂ ಮುಂದೆ ಬಂದು ನಿಲ್ಲುತ್ತಿದ್ದವು. ಮೀನು ಸಾಕುವವರ ವಾಟ್ಸಾಪ್ ಗುಂಪಿನಲ್ಲಿ ಒಬ್ಬ ಹವಳ ಎಂದ, ಇನ್ನೊಬ್ಬ ಅಲ್ಲ ಎಂದ, ಮೂರನೆಯವನು ಗುಡ್ ಮಾರ್ನಿಂಗ್ ಎಂದ. ಅಷ್ಟರಲ್ಲಿ ಒಂದಿದ್ದದ್ದು ನಾಲ್ಕಾಯಿತು. ಕೊನೆಗೆ ಕಡಲ ಜೀವಿಗಳ ಬಗ್ಗೆ ಓದಿಕೊಂಡ ಮೇಡಂ ಒಬ್ಬರು ಖಚಿತವಾಗಿ ಬರೆದರು: ಹವಳವಲ್ಲ, ಹವಳದ ದಾಯಾದಿ, ತೊಟ್ಟಿಗೆ ಪಿಡುಗು. ಕೇಸು ಗೆದ್ದವನಂತೆ ಆಯಿಯ ಮುಂದೆ ಹೋಗಿ ನಿಂತೆ.

“ಆಯಿ, ಗೊತ್ತಾತು. ಅದು ಹವಳ ಅಲ್ಲ.”

“ಜೀವ ಹೌದಲ್ಲೋ?”

“ಹೌದು.”

“ಅದು ಮೊದಲನೇ ದಿನಾನ ಗೊತ್ತಿತ್ತಲ್ಲ. ತಿಂಗಳಗಟ್ಲೆ ಮತ್ತೇನ್ ಹುಡಿಕಿದಿ?”

ಅವಳ ಮಾತು ಮೀರಿ ಸೂಜಿ ಹಿಡಿಯುವ ಎದೆಗಾರಿಕೆ ನನಗಿರಲಿಲ್ಲ. ಮೀನುಗಳಾದರೂ ಬದುಕಲಿ ಎಂದು ಅವನ್ನು ನಿಪ್ಪಾಣಿಗೆ ಮರಳಿಸಿ, ಖಾಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದೆ. ನಗಬೇಡಿ, ನಿಜಕ್ಕೂ ಸಂಕಟವಾಯಿತು.

ಮರುದಿನ ಅಂಗಡಿ ಮುಚ್ಚಿ ಬಂದು ಊಟಕ್ಕೆ ಕುಳಿತೆ. ಹೊತ್ತು ಮುಳುಗಿದ ಮೇಲೆ ಉಣ್ಣಬಾರದೆಂಬ ನೇಮವನ್ನು ನಮ್ಮ ಮನೆಯಲ್ಲಿ ಈಗ ಪಾಲಿಸುವವಳು ಆಯಿ ಒಬ್ಬಳೇ. ಅಂಗಡಿಯ ನೆಪ ಹೇಳಿ ನಾನು ಬಿಟ್ಟು ಬಹಳ ವರ್ಷವಾಯಿತು. “ಮೀನಾ ಹ್ವಾದೂ. ಇದಕ್ಕ ಏನ್ ತಿನ್ನಾಕ ಹಾಕ್ತಿ?” ಎಂದಳು ಆಯಿ. ಸಿಗಡಿಯೆಂದರೆ ಅದಕ್ಕೆ ಪ್ರಾಣ ಎಂದು ಮೇಡಂ ಬರೆದಿದ್ದರು. ಆದರೆ ಇನ್ನೊಂದು ಮಾತನ್ನೂ ಬರೆದಿದ್ದರು. ನಾನು ಅದನ್ನಷ್ಟೇ ಹೇಳಿದೆ. “ಏನೂ ಬ್ಯಾಡ ಆಯಿ. ಬೆಳಕಿನ ಮ್ಯಾಲ ಬದಕತೈತಿ.”

ಆಯಿ ತೊಟ್ಟಿಯನ್ನು ನೋಡಿದಳು. ಗೋಡೆಯ ಗಡಿಯಾರ ನೋಡಿದಳು. ಆಮೇಲೆ ನನ್ನ ತಾಟಿನಲ್ಲಿದ್ದ ಎರಡನೇ ರೊಟ್ಟಿಯನ್ನು ನೋಡಿದಳು.

“ಅಂದ್ರ ಹೊತ್ತ ಮುಳಗಿದ ಮ್ಯಾಲ ಉಣ್ಣಂಗಿಲ್ಲ” ಎಂದಳು. “ಈ ಮನ್ಯಾಗ ನೇಮಾ ಹಿಡದಾಕಿ ನಾ ಒಬ್ಬಾಕಿನ ಅಂತ ತಿಳದಿದ್ದೆ. ಇನ್ನೂ ನಾಕ ಮಂದಿ ಅದಾರ.”

ನಾನು ತೊಟ್ಟಿಗೆ ಬೆನ್ನು ತಿರುಗಿಸಿ ಕುಳಿತು ರೊಟ್ಟಿ ಮುಗಿಸಿದೆ.