ಕರಿ ಹರಿದವರು ಯಾರು?

ಓಟವೆಂದ ಮೇಲೆ ಒಬ್ಬ ಗೆಲ್ಲಬೇಕು, ಉಳಿದವರು ಸೋಲಬೇಕು. ದೊಡವಾಡದ ಕಡೆಯ ನಮ್ಮೂರ ಓಟ ಮಾತ್ರ ಒಂದು ವರ್ಷವೂ ಇಷ್ಟು ಸರಳವಾಗಿ ಮುಗಿದಿಲ್ಲ. ಸಾಲೆಯಲ್ಲಿ ಆಟದ ಮಾಸ್ತರನಾಗಿದ್ದ ತಪ್ಪಿಗೆ ನಿರ್ಣಾಯಕ ನಾನೇ.

ಎತ್ತಿನ ಬದಲು ಮಂದಿ

ಕಾರಹುಣ್ಣಿಮೆಯ ಸಂಜೆ ಊರ ಹೆಬ್ಬಾಗಿಲಾದ ಅಗಸಿಗೆ ಬೇವಿನ ಸೊಪ್ಪಿನ ಹಗ್ಗ ಕಟ್ಟುತ್ತೇವೆ. ಅದೇ ಕರಿ. ಮೊದಲು ಎತ್ತುಗಳು ಓಡಿಬಂದು ಅದನ್ನು ಹರಿಯುತ್ತಿದ್ದವು. ಬಿಳಿ ಎತ್ತು ಹರಿದರೆ ಹಿಂಗಾರಿ ಬೆಳೆ ಚೆನ್ನ, ಕೆಂದೆತ್ತು ಹರಿದರೆ ಮುಂಗಾರಿ. ಟ್ರ್ಯಾಕ್ಟರ್ ಬಂದು ಎತ್ತು ಕಡಿಮೆಯಾದವು. ಹಬ್ಬ ಬಿಡಬಾರದೆಂದು ಹುಡುಗರೇ ಓಡತೊಡಗಿದರು. ಅರ್ಧ ಮಂದಿಗೆ ಬಿಳಿ ಅಂಗಿ, ಅರ್ಧ ಮಂದಿಗೆ ಕೆಂಪು.

ಮೊದಲಿನಿಂದ ಕರಿ ಕಟ್ಟಿ, ಬೆಳೆ ಹೇಳುತ್ತಿದ್ದ ಅಜ್ಜಾರನ್ನು ಕರೆಯಲು ಹೋದೆ.

"ಅಂಗಿ ನೋಡಿ ಮಳಿ ಬರ್ತೈತೇನ್ರಿ ಮಾಸ್ತರ?" ಎಂದು ಬಾಗಿಲು ಹಾಕಿಕೊಂಡರು.

ಅವರ ಬದಲು ನಾನೇ ಕರಿ ಕಟ್ಟಿದೆ. ಓಟ ಜೋರಾಯಿತು, ಹಬ್ಬ ಸಪ್ಪಗಾಯಿತು. ಅವರಿಲ್ಲದ ಅಗಸಿ ನೋಡಿ ನನಗೆ ಬೇಸರವಾಯಿತು. ಅಷ್ಟರಲ್ಲಿ ಗೆದ್ದ ಹುಡುಗನ ತಾಯಿ ಮನೆಯಲ್ಲಿದ್ದ ಎತ್ತಿನ ಗೆಜ್ಜೆಸರ ತಂದು ಮಗನ ಕೊರಳಿಗೆ ಹಾಕಿದಳು. "ಇರಲಿ ಬಿಡ್ರಿ, ಮೇಯೂದ್ರಾಗ ಇವ ಏನ್ ಕಡಿಮಿ ಇಲ್ಲ!"

ಮೂರನೆಯ ಬಣ್ಣ

ಮರುವರ್ಷ ಬಿಳಿ ಅಂಗಿಯವನೊಬ್ಬ ಎರೆ ಹೊಲದ ಕಪ್ಪು ಕೆಸರಲ್ಲಿ ಜಾರಿಬಿದ್ದ. ಎದ್ದು ಓಡಿ ಎಲ್ಲರಿಗಿಂತ ಮೊದಲು ಬಂದ.

"ಬಿಳಿ ಗೆದ್ದೈತಿ!" ಎಂದರು ಅವನ ಕಡೆಯವರು.

"ಎಲ್ಲೈತಿ ಬಿಳಿ? ತೋರಸ್ರಿ!" ಎಂದರು ಕೆಂಪಿನವರು.

ಜಗಳ ಬಗೆಹರಿಯದೆ ಅವನನ್ನು ಅಜ್ಜಾರ ಮನೆ ಮುಂದೆ ನಿಲ್ಲಿಸಿದೆವು. ಬಾಗಿಲು ತೆರೆಯಲಿಲ್ಲ. ಕಿಟಕಿ ತೆರೆದು ಅವನನ್ನು ಅಡಿಯಿಂದ ಮುಡಿವರೆಗೆ ನೋಡಿದರು.

"ಕರೇ ಅಂಗಿ ಗೆದ್ದೈತಿ. ಎಲ್ಲಾರೂ ಗುರೆಳ್ಳು ಬಿತ್ರಿ!"

ಕಿಟಕಿಯೂ ಮುಚ್ಚಿತು. ಕಪ್ಪು ಕಾಳಿನ ಗುರೆಳ್ಳನ್ನು ಯಾರೂ ಬಿತ್ತಲಿಲ್ಲ. ಅಜ್ಜಾರು ಕಿಟಕಿಯನ್ನಾದರೂ ತೆರೆದರಲ್ಲ ಎಂದು ನನಗೆ ಸಮಾಧಾನ.

ಹೋದ ವರ್ಷ

ಅಜ್ಜಾರ ಹಿತ್ತಿಲಲ್ಲಿ ಒಂದೇ ಒಂದು ಮುದಿ ಬಿಳಿ ಎತ್ತು ಉಳಿದಿತ್ತು. ಮಾರಲು ಅವರಿಗೆ ಮನಸ್ಸಿಲ್ಲ. ಹೋದ ವರ್ಷ ಬೇವಿನ ಟೊಂಗೆ ನನ್ನ ಕೈಗೆ ಎಟುಕದೆ, ಗೋವಿನಜೋಳದ ಹಸಿರು ಸೊಪ್ಪೆಯಿಂದಲೇ ಕರಿ ಕಟ್ಟಿಬಿಟ್ಟೆ.

ಓಟ ಶುರುವಾಗಿ ಹಲಗಿ ಬಡಿದದ್ದೇ ತಡ, ಆ ಎತ್ತು ಕಣ್ಣಿ ಹರಿದುಕೊಂಡು ರಸ್ತೆಗೆ ಬಂತು. ಹಿಂದೆ ಧೋತರ ಎತ್ತಿ ಹಿಡಿದು ಅಜ್ಜಾರು! ಮುಂದಿದ್ದ ಕೆಂಪು ಅಂಗಿಯವನು ತಿರುಗಿ ನೋಡಿ ಪಕ್ಕಕ್ಕೆ ಸರಿದ. ಉಳಿದವರೂ ಸರಿದು ನಿಂತರು. ಸರಿಯಿರೆಂದು ಯಾರೂ ಹೇಳಿರಲಿಲ್ಲ. ನನ್ನ ಕಣ್ಣು ತುಂಬಿಬಂತು.

ಎತ್ತು ಅಗಸಿಗೆ ಬಂತು, ಆದರೆ ಕರಿ ಹರಿಯಲಿಲ್ಲ. ನಿಂತು ಒಂದು ತುದಿಯಿಂದ ಮೇಯತೊಡಗಿತು. ಅಜ್ಜಾರು ಏದುಸಿರು ಬಿಡುತ್ತ ತಲುಪುವುದರೊಳಗೆ ಅರ್ಧ ಕರಿ ಖಾಲಿ.

ಎಲ್ಲರೂ ಅವರ ಮುಖ ನೋಡಿದರು.

"ಬಿಳಿ ಎತ್ತು ಗೆದ್ದೈತಿ. ಹಿಂಗಾರಿ ಛಲೋ ಐತಿ," ಎಂದರು ಅಜ್ಜಾರು. ಎಷ್ಟೋ ವರ್ಷದ ಮೇಲೆ ಕೇಳಿದ ಮಾತು.

ಕೆಂಪು ಅಂಗಿಯವನು ಬಿಡಲಿಲ್ಲ. "ಅಜ್ಜಾರ, ಅದು ಕರಿ ಹರೀಲಿಲ್ಲ, ತಿಂದೈತ್ರಿ!"

ಅಜ್ಜಾರು ಎತ್ತಿನ ಬೆನ್ನು ಸವರುತ್ತ ನನ್ನ ಕಡೆ ತಿರುಗಿದರು.

"ಮೇವು ಕಟ್ಟಿದ್ರ ತಿನ್ನದ ಏನ್ ಮಾಡ್ತೈತಿ? ಮಾಸ್ತರ, ಮುಂದಿನ ವರ್ಷ ನೀವು ಕರಿ ಮುಟ್ಟಬ್ಯಾಡ್ರಿ. ನಾನ ಕಟ್ತೇನಿ!"