ಕದಲಲೊಲ್ಲದ ಹಿಂದಿನ ಚಕ್ರದವರ ಸನ್ನಿಧಾನಕ್ಕೆ

ಸೆಲ್ಲಿ ಓಕ್, ಬರ್ಮಿಂಗ್‌ಹ್ಯಾಮ್
5 ನವೆಂಬರ್ 2003

ಮಾನ್ಯ ಹಿಂದಿನ ಚಕ್ರದವರೇ,

ನನ್ನ ಹದಿನಾಲ್ಕು ವರ್ಷದ ಮೋಟಾರ್‌ಸೈಕಲ್ಲಿನ ಹಿಂಭಾಗವನ್ನು ಅಲಂಕರಿಸಿರುವ ತಮಗೆ ಸಾಷ್ಟಾಂಗ ನಮಸ್ಕಾರಗಳು. ಇದು ಬರಿಯ ಬಾಯುಪಚಾರವೆಂದು ದಯಮಾಡಿ ಭಾವಿಸಬಾರದು. ಕಳೆದ ಶನಿವಾರ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕೂವರೆಯವರೆಗೆ ನಮ್ಮ ಹಿತ್ತಲಿನ ಒದ್ದೆ ಕಾಂಕ್ರೀಟಿನ ಮೇಲೆ ಹೊಟ್ಟೆ ಅಡಿಯಾಗಿ ಮಲಗಿಯೇ ಅದನ್ನು ಸಲ್ಲಿಸಿದ್ದೇನೆ.

ತಾವು ಮರೆತಿರಬಹುದಾದ್ದರಿಂದ ಹಿನ್ನೆಲೆಯನ್ನು ಅರಿಕೆ ಮಾಡಿಕೊಳ್ಳುತ್ತೇನೆ. ಜೂನ್ ತಿಂಗಳಲ್ಲಿ ನನ್ನ ಮದುವೆಯಾಯಿತು. ಹೆಂಡತಿ ಮಾಳವಿಕಾ ಓದು ಮುಗಿಯುವವರೆಗೆ ಬೀಸ್ಟನ್ ಎಂಬ ಊರಿನ ತವರಿನಲ್ಲಿದ್ದಾಳೆ. ಅವಳ ತಂದೆ ಡಾಕ್ಟರ್ ನಾರಾಯಣಸ್ವಾಮಿಯವರು ಮೂಳೆ ವೈದ್ಯರು. ಮದುವೆಯ ಊಟದ ಎಲೆ ಎತ್ತುವ ಮೊದಲೇ ನನ್ನ ಬೈಕಿನ ವಿಷಯ ಎತ್ತಿ, ‘ಆ ಬೈಕ್ ಮಾರಿಬಿಡಿ, ಬೈಕಿನವರನ್ನ ನಾನು ವಾರ್ಡಿನಲ್ಲಿ ದಿನಾ ನೋಡ್ತೀನಿ’ ಎಂದರು. ನಾನು ಎದೆಯುಬ್ಬಿಸಿ, ಮೊದಲ ದೀಪಾವಳಿಯ ಎಣ್ಣೆಸ್ನಾನಕ್ಕೆ ಅದರ ಮೇಲೆಯೇ ಬರುವುದಾಗಿ ಮಾತು ಕೊಟ್ಟೆ. ಅವರು ನಕ್ಕರು. ಆಗ, ಇಲ್ಲಿಯೇ ಹುಟ್ಟಿ, ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಮಾಳವಿಕಾ ಅಂದು ಕನ್ನಡದಲ್ಲೇ ಹೇಳಿದಳು: ‘ಅಪ್ಪಾ, ಅವರು ಬರ್ತೀನಿ ಅಂದ್ರೆ ಬರ್ತಾರೆ.’ ನನ್ನನ್ನು ನಂಬಿ ಆಡಿದ ಆ ಮಾತನ್ನು ಸುಳ್ಳು ಮಾಡಬಾರದೆಂಬುದೊಂದೇ ನನ್ನ ಚಿಂತೆಯಾಗಿತ್ತು.

ಪಂಚಾಂಗದ ದೀಪಾವಳಿ ಕಳೆದು ವಾರವಾಗಿದ್ದರೂ ಮಾವನವರ ಆಸ್ಪತ್ರೆಯ ಡ್ಯೂಟಿ ಪಟ್ಟಿ ಒಪ್ಪಿದ ದೀಪಾವಳಿ ಮೊನ್ನೆಯ ಭಾನುವಾರಕ್ಕೆ ಬಿದ್ದಿತ್ತು. ಹಿಂದಿನ ದಿನ ಹೊರಡಲು ಹೆಲ್ಮೆಟ್ ತೊಟ್ಟು ಬಂದು ನೋಡಿದರೆ, ತಾವು ಒಂದು ಮೊಳೆಯನ್ನು ನುಂಗಿ ನೆಲಕ್ಕಂಟಿ ವಿಶ್ರಮಿಸುತ್ತಿದ್ದಿರಿ. ಅದಕ್ಕೆ ನನ್ನ ಆಕ್ಷೇಪವಿಲ್ಲ. ಪಂಕ್ಚರ್ ಯಾರಿಗೆ ಆಗುವುದಿಲ್ಲ? ತಮ್ಮನ್ನು ಕಳಚಿ ಟೈರಿನಂಗಡಿಗೆ ಒಯ್ದರೆ ಅರ್ಧ ಗಂಟೆಯ ಕೆಲಸವೆಂದುಕೊಂಡೆ. ನಟ್ಟು ಸುಲಭವಾಗಿಯೇ ಬಿಚ್ಚಿತು. ಆದರೆ ತಮ್ಮ ನಡುವೆ ತೂರಿರುವ ಆಕ್ಸಲ್ ಎಂಬ ಉಕ್ಕಿನ ಸರಳು ಮಾತ್ರ ಜಪ್ಪಯ್ಯ ಎಂದರೂ ಕದಲಲಿಲ್ಲ. ತಮ್ಮ ಸ್ಥಾನನಿಷ್ಠೆಯನ್ನು ಎಷ್ಟು ಹೊಗಳಿದರೂ ಸಾಲದು; ನಮ್ಮ ನಾಡಿನ ಮಂತ್ರಿಗಳೂ ತಮ್ಮಿಂದ ಕಲಿಯುವುದಿದೆ.

ಪಕ್ಕದ ಕೋಣೆಯ ಬಸವಲಿಂಗಪ್ಪ ಧಾರವಾಡದವನು. ಲೋಹಕ್ಕೆ ತುಕ್ಕು ಹೇಗೆ ಹಿಡಿಯುತ್ತದೆ ಎಂಬುದರ ಮೇಲೆಯೇ ಅವನ ಪಿಎಚ್‌ಡಿ. ಸಹಾಯಕ್ಕೆಂದು ಕರೆದರೆ ಟಾರ್ಚ್ ಬಿಟ್ಟು ನೋಡಿ, ‘ಭಾಳ ಚಂದ ತುಕ್ಕು ಹಿಡದೈತಲೇ’ ಎಂದು ಆನಂದಪಟ್ಟು ಒಂದಿಷ್ಟನ್ನು ಕೆರೆದು ಪೊಟ್ಟಣ ಕಟ್ಟಿಕೊಂಡ. ತುಕ್ಕು ಬಿಡಿಸುವ ಸ್ಪ್ರೇ ಡಬ್ಬಿ ಖಾಲಿಯಾದ ಮೇಲೆ, ಎಣ್ಣೆಸ್ನಾನಕ್ಕೆಂದು ನಾನು ಜೋಪಾನವಾಗಿಟ್ಟಿದ್ದ ಕೊಬ್ಬರಿ ಎಣ್ಣೆಯನ್ನು ತಮ್ಮ ನೆತ್ತಿಯ ಮೇಲೆ ಸುರಿದು, ಕೆಟಲ್‌ಗಟ್ಟಲೆ ಬಿಸಿನೀರು ಹುಯ್ದೆವು. ಹೀಗೆ ಅಳಿಯನಿಗೆ ಆಗಬೇಕಿದ್ದ ಅಭ್ಯಂಜನ ಒಂದು ದಿನ ಮೊದಲೇ ತಮಗೆ ನೆರವೇರಿತು.

ಕೊನೆಗೆ ಅವನು, ‘ಝಾಡಿಸಿ ಒಂದ್ ಒದಿ, ಬರ್ತದ’ ಎಂದ. ತಿಂಗಳ ಹಿಂದಷ್ಟೇ ಆಯುಧಪೂಜೆಯಲ್ಲಿ ಆರತಿ ಬೆಳಗಿಸಿಕೊಂಡ ತಮ್ಮನ್ನು ಕಾಲಿನಿಂದ ಒದೆಯುವುದು ಹೇಗೆ? ಆದರೂ ಒದೆದೆ. ಪ್ರತಿ ಒದೆತಕ್ಕೂ ತಮ್ಮನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಹನ್ನೊಂದನೆಯ ಒದೆತದ ಹೊತ್ತಿಗೆ ಕಣ್ಣಿನ ಸುತ್ತ ಗ್ರೀಸಿನ ಕಾಡಿಗೆಯಾಗಿತ್ತು, ಪಾದ ಊದಿತ್ತು, ತಾವು ಸುಪ್ರಸನ್ನರಾಗಿದ್ದಿರಿ. ಬಸವಲಿಂಗಪ್ಪ ಮರದ ತುಂಡನ್ನು ಅಡ್ಡ ಹಿಡಿದು ಸುತ್ತಿಗೆಯಿಂದ ಕುಟ್ಟತೊಡಗಿದ. ಟೈರಿನಂಗಡಿ ಬಾಗಿಲು ಹಾಕಿ ಸರಿಯಾಗಿ ಅರ್ಧ ಗಂಟೆಯ ನಂತರ, ಅದೇಕೋ ಕನಿಕರ ಹುಟ್ಟಿ, ಆಕ್ಸಲ್ಲನ್ನು ಬಿಟ್ಟುಕೊಟ್ಟಿರಿ.

ಈಗ ಬಹಿರಂಗವಾಗಿ ಒಪ್ಪಿಕೊಳ್ಳಬೇಕಾದ ಒಂದು ಮಾತಿದೆ. ಹೊರಬಂದ ಆಕ್ಸಲ್ಲಿನ ಕೆಂಪನ್ನು ಬೆರಳಿಗೆ ತೆಗೆದು ಮೂಸಿದ ಬಸವಲಿಂಗಪ್ಪ, ‘ಇದು ಬರೇ ತುಕ್ಕಲ್ಲೋ, ಕುಂಕುಮ!’ ಎಂದ. ಗ್ರೀಸಿನ ಮೇಲೆ ಕುಂಕುಮ ನಿಲ್ಲುವುದಿಲ್ಲವೆಂದು ಈ ಹಳೆಯ ಬೈಕು ಕೊಂಡಾಗಿನಿಂದ ಮೂರು ವರ್ಷವೂ ಆಯುಧಪೂಜೆಯ ದಿನ ಆಕ್ಸಲ್ಲಿನ ತುದಿಗಳ ಗ್ರೀಸನ್ನು ಪೆಟ್ರೋಲಿನಿಂದ ಒರೆಸಿ, ಮೊದಲ ವರ್ಷವೇ ರಬ್ಬರ್ ಮುಚ್ಚಳವನ್ನು ಕಿತ್ತೆಸೆದು, ಭಕ್ತಿಯಿಂದ ತೆಂಗಿನಕಾಯಿ ನೀರು ಹುಯ್ದು, ಅರಿಶಿನ ಕುಂಕುಮ ಮೆತ್ತಿದವನು ನಾನೇ. ಆ ದಾರಿಯಲ್ಲೇ, ಚಳಿಗಾಲದಲ್ಲಿ ಹಿಮ ಕರಗಲೆಂದು ಇಲ್ಲಿ ರಸ್ತೆಗೆ ಚೆಲ್ಲುವ ಉಪ್ಪು ಒಳಹೊಕ್ಕು ತುಕ್ಕು ಹಿಡಿಸಿತು. ಮಾಡಿದ್ದುಣ್ಣೋ ಮಹರಾಯ! ನನಗೆ ನಿಜಕ್ಕೂ ನಾಚಿಕೆಯಾಯಿತು.

ಪಂಕ್ಚರ್ ಎನ್ನುವುದು ಎಲ್ಲ ದೇಶದಲ್ಲೂ ಹಳೆಯ ನೆಪವಾದ್ದರಿಂದ, ಸಾಕ್ಷಿಗಾಗಿ ಅಂದು ಸಂಜೆಯೇ ತಮ್ಮನ್ನು ತಬ್ಬಿಕೊಂಡು ರೈಲು ಹತ್ತಿದೆ. ತುಂಬಿದ ಡಬ್ಬಿಯಲ್ಲಿ ನಮ್ಮಿಬ್ಬರ ಅಕ್ಕಪಕ್ಕದ ಸೀಟುಗಳು ಬೀಸ್ಟನ್ನಿನವರೆಗೂ ಖಾಲಿಯಿದ್ದವು. ಬಾಗಿಲು ತೆರೆದ ಅತ್ತೆ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ‘ಅಳಿಯಂದಿರು ಎಣ್ಣೆ ಹಚ್ಚಿಕೊಂಡೇ ಬಂದಿದ್ದಾರೆ, ಸೀಗೇಪುಡಿ ಕಲಸ್ತೀನಿ’ ಎಂದು ಒಳಗೆ ಹೋದರು. ಮಾವನವರು, ‘ಬೈಕೆಲ್ಲಿ?’ ಎಂದರು. ಇಷ್ಟು ಮಾತ್ರ ತಂದಿದ್ದೇನೆಂದು ತಮ್ಮನ್ನು ತೋರಿಸಿ, ನಡೆದದ್ದನ್ನು ಕುಂಕುಮವೂ ಸೇರಿದಂತೆ ಒಪ್ಪಿಸಿದೆ. ಅವರು ಬಾಯಿ ತೆರೆಯುವ ಮೊದಲೇ ಮಾಳವಿಕಾ ಮೆಟ್ಟಿಲಿಳಿದು ಬಂದು, ನನ್ನ ಗ್ರೀಸಿನ ಕೈಯನ್ನು ತನ್ನ ಹೊಸ ಸೀರೆಗೆ ತಾಗುವಂತೆ ಹಿಡಿದುಕೊಂಡು, ಮತ್ತೆ ಕನ್ನಡದಲ್ಲೇ ಹೇಳಿದಳು: ‘ನೋಡಿದ್ಯಾ ಅಪ್ಪಾ? ಬರ್ತಾರೆ ಅಂದಿರ್ಲಿಲ್ವಾ?’

ಮಾವನವರು ತಮ್ಮನ್ನು ನನ್ನ ಕೈಯಿಂದ ಇಳಿಸಿಕೊಂಡು ಗ್ಯಾರೇಜಿನತ್ತ ನಡೆದರು.

ಆದ್ದರಿಂದ ಪ್ರಾರ್ಥನೆ ಇಷ್ಟೇ: ಮುಂದೆ ತಾವು ಹಟ ಹಿಡಿಯುವುದಿದ್ದರೆ ಎರಡು ವಾರ ಮೊದಲು ಲಿಖಿತವಾಗಿ ತಿಳಿಸಬೇಕು, ಸಾಧ್ಯವಾದರೆ ಟೈರಿನಂಗಡಿಯ ಎದುರಿಗೇ ತಾವಾಗಿ ಕಳಚಿಕೊಂಡು ಉಪಕರಿಸಬೇಕು.

ಇಂತಿ, ಹನ್ನೊಂದು ಬಾರಿ ಒದ್ದು ಹನ್ನೊಂದು ಬಾರಿ ಕೈಮುಗಿದ
ತಮ್ಮ ವಿಶ್ವಾಸಿ,
ಶ್ರೀರಂಗ

ತಾ.ಕ.: ಮುಂದಿನ ಆಯುಧಪೂಜೆಯಿಂದ ಕುಂಕುಮ ಹೆಡ್‌ಲೈಟಿಗೆ, ತಮಗೆ ಬರಿಯ ಗ್ರೀಸು. ಇದರಿಂದ ಮನನೊಂದು ಮತ್ತೆ ಮುನಿಸಿಕೊಳ್ಳುವ ಮುನ್ನ, ಮಾವನವರ ಗ್ಯಾರೇಜಿನಲ್ಲಿ ತಮ್ಮನ್ನು ಯಾವುದಕ್ಕೆ ಒರಗಿಸಿಟ್ಟಿದ್ದಾರೆಂದು ಒಮ್ಮೆ ತಿರುಗಿ ನೋಡಿ. ಅದು ಅವರು ನನಗೆ ಕೊಡಬೇಕೆಂದಿರುವ ಪುಟ್ಟ ಕಾರು. ಅದಕ್ಕೆ ತಮ್ಮಂಥವರು ನಾಲ್ವರಿದ್ದಾರೆ, ಡಿಕ್ಕಿಯಲ್ಲಿ ಐದನೆಯವರೂ ಕಾಯುತ್ತಿದ್ದಾರೆ.