ಚಿಕ್ಕಪ್ಪನ ಅಡಿಕೋಲು

ನಮ್ಮ ಚಿಕ್ಕಪ್ಪ ರಾಜಕಾರಣಿಯನ್ನು ಬೇಕಾದರೂ ನಂಬುತ್ತಾರೆ, ಬೆಂಗಳೂರಿಗೆ ಬಂದ ಮೀನನ್ನು ಮಾತ್ರ ನಂಬುವುದಿಲ್ಲ! ಕರಾವಳಿಯ ಬಂದರಿನಲ್ಲಿ ಮೀನುಗಾರಿಕೆ ಇಲಾಖೆಯ ಕೆಲಸ ಮಾಡಿ, ನಿವೃತ್ತರಾಗಿ ರಾಜಾಜಿನಗರಕ್ಕೆ ಬಂದವರು. ಅಡಿಕೋಲೂ ಜೊತೆಗೇ ಬಂತು. ಅದರ ಮೇಲೆ ಕೆಂಪು ಗೆರೆಗಳಿವೆ. ಇದು ಬಂಗುಡೆಗೆ, ಇದು ಬೂತಾಯಿಗೆ. ಗೆರೆ ಮುಟ್ಟದ ಮೀನು ಇನ್ನೂ ಮರಿ, ಹಿಡಿಯುವಂತಿಲ್ಲ ಎನ್ನುವುದು ಕಾನೂನು.

ಭಾನುವಾರ ಇವರು ಮಾರ್ಕೆಟ್ಟಿಗೆ ಕಾಲಿಟ್ಟರೆ ಅರ್ಧ ಮೀನು ಐಸಿನ ಕೆಳಗೆ ಅಡಗುತ್ತದೆ.

"ಸಾರ್, ತಗೊಳ್ಳೋದಾದ್ರೆ ತಗೊಳ್ಳಿ. ಜಾತಕ ಯಾಕೆ ಕೇಳ್ತೀರಾ?"

"ಮೊಟ್ಟೆ ಇಡೋಕೂ ಬಿಡದೆ ಹಿಡಿದ್ರೆ ಸಮುದ್ರದಲ್ಲಿ ಉಪ್ಪು ಮಾತ್ರ ಉಳಿಯುತ್ತೆ ಕಣಪ್ಪಾ!"

ಟ್ರಾಲ್ ಬೋಟುಗಳಿಗೆ ನಿಷೇಧವಿರುವ ಮಳೆಗಾಲದ ಎರಡು ತಿಂಗಳಂತೂ ಕೇಳಲೇಬೇಡಿ. "ಬೋಟೆಲ್ಲ ದಡದಲ್ಲಿವೆ. ಈ ಮೀನೇನು ಬಸ್ ಹತ್ಕೊಂಡು ಬಂತಾ?" ಆ ಎರಡು ತಿಂಗಳು ಮನೆಗೆ ಮೀನು ಬರುವಂತಿಲ್ಲ.

ರಾಜರಾಜೇಶ್ವರಿನಗರದ ಬೀಗರೂಟದಲ್ಲಿ ಎಲೆಗೆ ಮೀನು ಫ್ರೈ ಬಿತ್ತು. ಚಿಕ್ಕಪ್ಪ ಜೇಬಿನಿಂದ ಅಡಿಕೋಲು ತೆಗೆದರು, ಹುಬ್ಬು ಗಂಟಿಕ್ಕಿದರು. "ತಲೆ ಕತ್ತರಿಸಿದ್ದಾರೆ ನೋಡು. ಸಾಕ್ಷಿ ನಾಶ!" ಬೀಗರ ಮುಖ ಹೇಗಾಗಿರಬೇಡ?

ಇಂಥ ಚಿಕ್ಕಪ್ಪನಿಗೆ ಮದುವೆಯಾಗಿದ್ದಾದರೂ ಹೇಗೆ ಅಂತೀರಾ? ಬಂದರಿನಲ್ಲಿ ಒಬ್ಬರ ಬಲೆಯ ಕಣ್ಣು ತೀರಾ ಸಣ್ಣದಿದೆ, ಮರಿಗಳೂ ಸಿಕ್ಕಿಬೀಳುತ್ತವೆ ಎಂದು ಬಲೆಯನ್ನೇ ಜಪ್ತಿ ಮಾಡಿದರಂತೆ. ಮರುದಿನ ಜಗಳಕ್ಕೆ ಬಂದ ಅವರ ಮಗಳೇ ನಮ್ಮ ಚಿಕ್ಕಮ್ಮ. ಜಗಳ ಮದುವೆಯಲ್ಲಿ ಮುಗಿಯಿತು ಎನ್ನುತ್ತಾರೆ ಚಿಕ್ಕಪ್ಪ. ಮುಗಿದಿಲ್ಲ ಎನ್ನುತ್ತಾರೆ ಚಿಕ್ಕಮ್ಮ.

ಕಳೆದ ಜುಲೈನಲ್ಲಿ ಚಿಕ್ಕಮ್ಮನಿಗೆ ಡೆಂಗಿ. ಜ್ವರ ಬಿಟ್ಟರೂ ಅನ್ನ ಸೇರಲಿಲ್ಲ, ಗಂಜಿ ಸೇರಲಿಲ್ಲ. ಕೈಬಳೆ ಮೊಣಕೈಗೆ ಜಾರುತ್ತಿತ್ತು. ಹೀಗೇ ಆದರೆ ಮತ್ತೆ ಆಸ್ಪತ್ರೆಗೆ ಸೇರಿಸಬೇಕು ಎಂದರು ಡಾಕ್ಟರು. ನಮಗೆಲ್ಲ ಭಯವಾಗಿತ್ತು. ಒಂದು ಬೆಳಗ್ಗೆ ನನ್ನನ್ನು ಹತ್ತಿರ ಕರೆದು, "ಬಂಗುಡೆ ಸಾರು ಇದ್ರೆ ಎರಡು ತುತ್ತು ಉಣ್ತಿದ್ದೆ ಮಾರಾಯ್ತಿ" ಎಂದರು.

ವಿಜಯನಗರದಿಂದ ಕೆಂಗೇರಿವರೆಗೆ ಸುತ್ತಿದೆ. ಸಿಕ್ಕಿದ್ದು ನಾಲ್ಕೇ ನಾಲ್ಕು ಬಂಗುಡೆ. ಸೊಪ್ಪಿನ ಕೆಳಗೆ ಬಚ್ಚಿಟ್ಟು ತಂದೆ. ಬಾಗಿಲಲ್ಲೇ ಚಿಕ್ಕಪ್ಪ ನಿಂತಿದ್ದರು.

"ಸೊಪ್ಪಿಗೆ ಯಾಕೆ ಇಷ್ಟು ಭಾರ?"

ಅಡುಗೆಕಟ್ಟೆಯ ಮೇಲೆ ಮೀನು ಬಿತ್ತು, ಅಡಿಕೋಲೂ ಬಂತು. ನಾನು ಕಣ್ಣಾರೆ ಕಂಡೆ, ಗೆರೆಗೆ ಅರ್ಧ ಬೆರಳು ಕಡಿಮೆ. ಚಿಕ್ಕಪ್ಪ ಒಮ್ಮೆ ಮೀನು ನೋಡಿದರು, ಒಮ್ಮೆ ಚಿಕ್ಕಮ್ಮ ಮಲಗಿದ್ದ ಕೋಣೆಯತ್ತ ನೋಡಿದರು. ಆಮೇಲೆ ಹೆಬ್ಬೆರಳನ್ನು ಆ ಕೆಂಪು ಗೆರೆಯ ಮೇಲೆ ಒತ್ತಿಹಿಡಿದರು.

"ಅಳತೆ ಸರಿಯಿದೆ," ಎಂದು ಕೋಣೆಗೆ ಕೇಳುವಂತೆ ಹೇಳಿದರು.

ಮಧ್ಯಾಹ್ನ ಚಿಕ್ಕಮ್ಮ ಎದ್ದು ಕೂತರು. ತಟ್ಟೆಯ ಮೀನನ್ನು ಬೆರಳಲ್ಲಿ ಎತ್ತಿ ತೂಗಿದರು. ಮೀನುಗಾರರ ಮನೆಯಲ್ಲಿ ಹುಟ್ಟಿದವರಿಗೆ ಅಡಿಕೋಲು ಯಾಕೆ?

"ನೀವು ಜಪ್ತಿ ಮಾಡಿದ್ರಲ್ಲ, ನನ್ನಪ್ಪನ ಬಲೆ? ಈ ಮರಿ ಅದ್ರಿಂದ್ಲೂ ನುಸುಳಿ ಹೋಗ್ತಿತ್ತು."

ಚಿಕ್ಕಪ್ಪ ಮುಳ್ಳು ಬಿಡಿಸಿ, ತುತ್ತು ಕಲಸಿ ಅವರ ಬಾಯ ಹತ್ತಿರ ಹಿಡಿದರು.

"ಗೊತ್ತು ಕಣೇ. ಉಣ್ಣು."